ಸ್ಕ್ವಾಷ್‌ನಲ್ಲಿ ಇಷ್ಟೇಕೆ ತಕರಾರು?

ಪ್ರಶ್ನೆ: 2025ರ ಡಿಸೆಂಬರ್‌ನಲ್ಲಿ ಚೆನ್ನೈನ ಎಕ್ಸ್‌ಪ್ರೆಸ್ ಅವೆನ್ಯೂ ಮಾಲ್‌ನಲ್ಲಿ ಜೋಷ್ನಾ ಚಿಣ್ಣಪ್ಪ ಇದ್ದ ಭಾರತ ತಂಡ ಸ್ಕ್ವಾಷ್ ವಿಶ್ವಕಪ್ ಗೆದ್ದದ್ದನ್ನು ನೋಡಿದೆ. ಒಂದೇ ಬಗೆಯ ಅಡ್ಡಿಗೆ ರೆಫರಿ ಒಮ್ಮೆ ಪಾಯಿಂಟ್ ಕೊಡುತ್ತಾರೆ, ಒಮ್ಮೆ ಮತ್ತೆ ಆಡಿಸುತ್ತಾರೆ. ಏಕೆ? – ಓದುಗರು, ತಾಂಬರಂ

ಉತ್ತರ: ಟೆನಿಸ್‌ನಲ್ಲಿ ನಡುವೆ ನೆಟ್ ಇರುತ್ತದೆ. ಇಲ್ಲಿ 9.75 ಮೀಟರ್ ಉದ್ದ, 6.4 ಮೀಟರ್ ಅಗಲದ ಒಂದೇ ಅಂಕಣದಲ್ಲಿ ಇಬ್ಬರೂ ಓಡಾಡಬೇಕು. ನಿಮ್ಮ ತಾಂಬರಂ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಇಳಿದವರು ಬಾಗಿಲ ಬಳಿ ನಿಲ್ಲದೆ ಸರಿದರೆ ತಾನೇ ಹತ್ತುವವರಿಗೆ ದಾರಿ? ಹಾಗೆಯೇ ಚೆಂಡು ಹೊಡೆದವರು ಸರಿದು, ಎದುರಾಳಿಗೆ ಚೆಂಡು ಕಾಣಲು, ಅದರತ್ತ ನೇರ ಹೋಗಲು, ರಾಕೆಟ್ ಬೀಸಲು, ಮುಂದಿನ ಗೋಡೆಯ ಯಾವ ಭಾಗಕ್ಕಾದರೂ ಹೊಡೆಯಲು ಬಿಡಬೇಕು.

ಬಿಡದಿದ್ದರೆ ಆಟಗಾರ ನಿಂತು ‘ಲೆಟ್ ಪ್ಲೀಸ್’ ಎನ್ನುತ್ತಾನೆ. ರೆಫರಿ ಮೊದಲು ನೋಡುವುದು, ಆ ಚೆಂಡು ಅವನಿಗೆ ಎಟುಕುತ್ತಿತ್ತೇ ಎಂದು. ಇಲ್ಲವಾದರೆ ‘ನೋ ಲೆಟ್’, ಪಾಯಿಂಟ್ ಎದುರಾಳಿಗೆ. ಎಟುಕುತ್ತಿತ್ತು, ಎದುರಾಳಿಯೂ ಸರಿಯಲು ಪೂರ್ತಿ ಯತ್ನಿಸಿದ್ದ ಎಂದರೆ ‘ಲೆಟ್’, ಮತ್ತೆ ಸರ್ವ್. ಯತ್ನಿಸಲೇ ಇಲ್ಲ, ಅಥವಾ ತಪ್ಪಿಹೋದದ್ದು ಗೆಲ್ಲುವ ಹೊಡೆತವೇ ಎಂದರೆ ‘ಸ್ಟ್ರೋಕ್’, ಕೇಳಿದವನಿಗೇ ಪಾಯಿಂಟ್.

ಆದರೆ ಹೊಡೆಯದೇ ಉಳಿದ ಚೆಂಡು ಎಲ್ಲಿಗೆ ಹೋಗುತ್ತಿತ್ತು? ಅದು ರೆಫರಿಯ ಅಂದಾಜು. ಜಗಳ ಹುಟ್ಟುವುದೇ ಇಲ್ಲಿ. ದೊಡ್ಡ ಟೂರ್ನಿಗಳಲ್ಲಿ ಆಟಗಾರರು ವಿಡಿಯೊ ಮರುಪರಿಶೀಲನೆ ಕೇಳಬಹುದು. ಆದರೂ ಮುಖ ಗಂಟಿಕ್ಕುವುದೇನೂ ನಿಂತಿಲ್ಲ.