ಕುತ್ತಿಗೆ ನೋವು: ಕತ್ತರಿಗೆ ಮುನ್ನ ಕಸರತ್ತು

ವರ್ಷಗಟ್ಟಲೆ ಕುತ್ತಿಗೆ ನೋವು ಅನುಭವಿಸಿದವರ ಮನೆಯ ಬೀರುವಿನಲ್ಲಿ ಒಂದು ದೊಡ್ಡ ಲಕೋಟೆ ಇರುವುದು ಸಾಮಾನ್ಯ. ಅದರೊಳಗಿನ ಎಂಆರ್‌ಐ ವರದಿಯಲ್ಲಿ ಡಿಸ್ಕ್ ಉಬ್ಬಿದೆ, ಮೂಳೆ ಸವೆದಿದೆ, ನರದ ಹಾದಿ ಕಿರಿದಾಗಿದೆ ಎಂಬಂಥ ಮಾತುಗಳಿರುತ್ತವೆ. ಅವನ್ನು ಓದಿದ ಮೇಲೆ ನೋವಿನ ಜತೆಗೆ ಭಯವೂ ಸೇರಿಕೊಳ್ಳುತ್ತದೆ. ಶಸ್ತ್ರಚಿಕಿತ್ಸೆ ಮಾಡಿಸಿ ಮುಗಿಸಿಬಿಡಿ ಎನ್ನುವ ಬಂಧುಗಳು ಒಂದು ಕಡೆ. ಕುತ್ತಿಗೆಗೆ ಕತ್ತರಿ ಹಾಕಿಸಿದರೆ ಹಾಸಿಗೆಯೇ ಗತಿ ಎಂದು ಹೆದರಿಸುವವರು ಇನ್ನೊಂದು ಕಡೆ. ಈ ಗದ್ದಲದಲ್ಲಿ ಸರಳ ಸತ್ಯವೊಂದು ಮರೆಯಾಗುತ್ತದೆ: ದೀರ್ಘಕಾಲದ ಕುತ್ತಿಗೆ ನೋವುಳ್ಳ ಬಹುಪಾಲು ಜನರಿಗೆ ಶಸ್ತ್ರಚಿಕಿತ್ಸೆಯ ಅಗತ್ಯವೇ ಬರುವುದಿಲ್ಲ.

ಸುಮಾರು ಐದು ಕಿಲೋ ತೂಕದ ತಲೆಯನ್ನು ಏಳು ಪುಟ್ಟ ಕಶೇರುಕಗಳು ಹೊತ್ತು ನಿಂತಿವೆ. ಅದನ್ನು ಎಲ್ಲ ದಿಕ್ಕಿಗೂ ತಿರುಗಿಸುವ, ಸಮತೋಲದಲ್ಲಿ ಇಡುವ ಹೊಣೆ ಸುತ್ತಲಿನ ಸ್ನಾಯುಗಳದ್ದು. ಇಷ್ಟು ದುಡಿಯುವ ಜಾಗದಲ್ಲಿ ನೋವು ಕಾಣಿಸಿಕೊಳ್ಳುವುದು ಅಪರೂಪವೇನಲ್ಲ. ಜಾಗತಿಕ ಅಂದಾಜೊಂದರ ಪ್ರಕಾರ 2020ರಲ್ಲಿ 20 ಕೋಟಿಗೂ ಹೆಚ್ಚು ಜನರಿಗೆ ಈ ತೊಂದರೆ ಇತ್ತು. 2050ರ ವೇಳೆಗೆ ಈ ಸಂಖ್ಯೆ 27 ಕೋಟಿಯ ಹತ್ತಿರ ಬರಬಹುದು. ನೋವು ಮೂರು ತಿಂಗಳು ದಾಟಿದರೆ ವೈದ್ಯರು ಅದನ್ನು ದೀರ್ಘಕಾಲದ್ದೆಂದು ಪರಿಗಣಿಸುತ್ತಾರೆ.

ಹಾಗಾದರೆ ವರದಿಯಲ್ಲಿ ಕಂಡ ಸವೆತವೇ ಈ ನೋವಿಗೆ ಕಾರಣವೇ? ಜಪಾನಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಲ್ಲಿ ಗಮನಾರ್ಹ. ಕುತ್ತಿಗೆಯ ಯಾವ ತೊಂದರೆಯೂ ಇಲ್ಲದ 1,211 ಮಂದಿಯ ಎಂಆರ್‌ಐ ತೆಗೆದಾಗ ಶೇ 87.6 ಮಂದಿಯಲ್ಲಿ ಡಿಸ್ಕ್ ಉಬ್ಬಿರುವುದು ಕಂಡುಬಂತು. ಇಪ್ಪತ್ತರ ಹರೆಯದವರಲ್ಲೂ ಪ್ರತಿ ನಾಲ್ವರಲ್ಲಿ ಸುಮಾರು ಮೂವರ ಸ್ಥಿತಿ ಅದೇ ಆಗಿತ್ತು. ಅಂದರೆ ತಲೆ ನರೆಯುವಂತೆ ಡಿಸ್ಕ್ ಬದಲಾಗುವುದೂ ಬದುಕಿನ ಸಹಜ ಗತಿ. ಹಾಗೆಂದು ಎಂಆರ್‌ಐ ವ್ಯರ್ಥವೆಂದು ಅರ್ಥವಲ್ಲ. ರೋಗಿಯ ದೂರು, ವೈದ್ಯರ ಕೈಪರೀಕ್ಷೆ ಮತ್ತು ಚಿತ್ರ ಮೂರೂ ಒಂದೇ ಮಾತನ್ನು ಹೇಳಿದಾಗ ಮಾತ್ರ ಅದಕ್ಕೆ ಬೆಲೆ.

ನರದ ಬೇರು ಒತ್ತಿಕೊಂಡು ನೋವು ಭುಜದಿಂದ ಬೆರಳಿನವರೆಗೆ ಇಳಿಯುವವರ ಪಾಡು ಇನ್ನೂ ಕಠಿಣ. ಅಂಥ 81 ರೋಗಿಗಳನ್ನು ಸ್ವೀಡನ್ನಿನ ವೈದ್ಯರು ಮೂರು ಗುಂಪು ಮಾಡಿ, ಒಂದಕ್ಕೆ ಶಸ್ತ್ರಚಿಕಿತ್ಸೆ, ಇನ್ನೊಂದಕ್ಕೆ ಫಿಸಿಯೊಥೆರಪಿ, ಮತ್ತೊಂದಕ್ಕೆ ಕುತ್ತಿಗೆಯ ಕಾಲರ್ ನೀಡಿದ್ದರು. 1997ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಆರಂಭದ ತಿಂಗಳುಗಳಲ್ಲಿ ಶಸ್ತ್ರಚಿಕಿತ್ಸೆ ಮುಂದಿದ್ದರೂ ಒಂದು ವರ್ಷ ಕಳೆಯುವ ಹೊತ್ತಿಗೆ ಮೂರೂ ಗುಂಪುಗಳ ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿದಿರಲಿಲ್ಲ. ಶಸ್ತ್ರಚಿಕಿತ್ಸೆ ಕೊಡುವುದು ವೇಗವನ್ನು. ಆ ವೇಗಕ್ಕೆ ತೆರಬೇಕಾದ ಬೆಲೆಯಲ್ಲಿ ಖರ್ಚಿನ ಜತೆಗೆ ನುಂಗಲು ಕಷ್ಟವಾಗುವ, ಧ್ವನಿ ಬದಲಾಗುವಂಥ ಅಪಾಯಗಳೂ ಸೇರಿವೆ.

ಶಸ್ತ್ರಚಿಕಿತ್ಸೆ ಬೇಡವೆಂದ ಮೇಲೆ ವಿಶ್ರಾಂತಿಯೇ ಮದ್ದು ಎಂದು ಭಾವಿಸುವವರು ಬಹಳ. ಆದರೆ ಪುರಾವೆ ಇರುವುದು ಅದಕ್ಕೆ ತದ್ವಿರುದ್ಧವಾಗಿ. ಫಿನ್ಲೆಂಡಿನಲ್ಲಿ ದೀರ್ಘಕಾಲದ ಕುತ್ತಿಗೆ ನೋವಿದ್ದ 180 ಮಹಿಳಾ ಕಚೇರಿ ನೌಕರರ ಮೇಲೆ ಒಂದು ವರ್ಷ ನಡೆದು 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕುತ್ತಿಗೆಯ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಮಾಡಿದವರಲ್ಲಿ ಶೇ 73 ಮಂದಿಗೆ ಗಣನೀಯ ಅಥವಾ ಪೂರ್ಣ ಉಪಶಮನ ದೊರೆಯಿತು. ಸಾಮಾನ್ಯ ಸಲಹೆ ಪಡೆದವರಲ್ಲಿ ಈ ಪ್ರಮಾಣ ಶೇ 21 ಮಾತ್ರ. ಇಷ್ಟಕ್ಕೆ ಗಂಟೆಗಟ್ಟಲೆ ಬೆವರಬೇಕೆಂದೇನಿಲ್ಲ. 2011ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಪ್ರಯೋಗದಲ್ಲಿ ರಬ್ಬರ್ ಪಟ್ಟಿ ಎಳೆಯುತ್ತ ದಿನಕ್ಕೆ ಎರಡೇ ನಿಮಿಷ ಭುಜದ ವ್ಯಾಯಾಮ ಮಾಡಿದವರಿಗೂ ಹತ್ತು ವಾರಗಳಲ್ಲಿ ನೋವು ತಗ್ಗಿತ್ತು.

ಅಂಗೈಯನ್ನು ಹಣೆಗೆ, ತಲೆಯ ಹಿಂಬದಿಗೆ, ಎರಡೂ ಪಕ್ಕಕ್ಕೆ ಒತ್ತಿ ಹಿಡಿದು ಕುತ್ತಿಗೆಯನ್ನು ಅಲುಗಿಸದೆ ಪ್ರತಿರೋಧ ಒಡ್ಡುವುದು ಇಂಥ ಕಸರತ್ತಿನ ಮೊದಲ ಪಾಠ. ಫಿಸಿಯೊಥೆರಪಿಸ್ಟ್ ಬಳಿ ಒಮ್ಮೆ ಕ್ರಮವಾಗಿ ಕಲಿತರೆ ಮನೆಯಲ್ಲೇ ಮುಂದುವರಿಸಬಹುದು. ಆರಂಭದಲ್ಲಿ ನೋವು ತುಸು ಹೆಚ್ಚಾದರೆ ಗಾಬರಿ ಬೇಡ. ಫಲ ಕಾಣಲು ವಾರಗಳೇ ಬೇಕು. ಕಾಲರ್ ಅನ್ನು ತಿಂಗಳುಗಟ್ಟಲೆ ಧರಿಸಿದರೆ ಸ್ನಾಯುಗಳು ಇನ್ನಷ್ಟು ದುರ್ಬಲವಾಗುತ್ತವೆ. ನೋವಿನ ಮಾತ್ರೆ ಕೆಲವು ದಿನಗಳ ಆಸರೆಯೇ ಹೊರತು ವರ್ಷಗಳ ಆಹಾರವಲ್ಲ. ಕ್ಷೌರದಂಗಡಿಯಲ್ಲಿ ತಲೆಗೆ ಮಾಲೀಸು ಮಾಡಿದ ಬಳಿಕ ಕುತ್ತಿಗೆಯನ್ನು ಲಟಕ್ಕನೆ ತಿರುಗಿಸಿಕೊಳ್ಳುವ ಚಟವನ್ನಂತೂ ಬಿಡುವುದೇ ಕ್ಷೇಮ. ಮಿದುಳಿಗೆ ರಕ್ತ ಒಯ್ಯುವ ಧಮನಿ ಹರಿದು ಪಾರ್ಶ್ವವಾಯು ತಗುಲಿದ ಉದಾಹರಣೆಗಳು ವೈದ್ಯಸಾಹಿತ್ಯದಲ್ಲಿವೆ.

ಆದರೂ ಶಸ್ತ್ರಚಿಕಿತ್ಸೆಯೇ ಬೇಡವೆಂಬ ಹಟವೂ ಅಪಾಯಕಾರಿ. ಬೆನ್ನುಹುರಿಯೇ ಒತ್ತಿಕೊಂಡಾಗ ನೋವು ಅಷ್ಟಾಗಿ ಇರದೆಯೂ ಹೋಗಬಹುದು. ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸುವುದು, ನಡೆಯುವಾಗ ಕಾಲು ತೊಡರುವುದು, ಮೂತ್ರದ ಮೇಲೆ ಹಿಡಿತ ತಪ್ಪುವುದು ಅದರ ಸೂಚನೆಗಳು. ಕೈಯ ಬಲ ದಿನದಿನಕ್ಕೆ ಕುಂದುತ್ತಿದ್ದರೆ, ಬಿದ್ದು ಪೆಟ್ಟಾಗಿದ್ದರೆ, ನೋವಿನ ಜತೆಗೆ ಜ್ವರ ಅಥವಾ ತೂಕ ಇಳಿಕೆ ಇದ್ದರೆ ಕಸರತ್ತು ಮಾಡುತ್ತ ಕೂರದೆ ತಜ್ಞರನ್ನು ಕಾಣಬೇಕು. ಬೆನ್ನುಮೂಳೆಯ ಕ್ಷಯ ಇನ್ನೂ ಕಾಡುತ್ತಿರುವ ನಮ್ಮ ದೇಶದಲ್ಲಿ ಈ ಎಚ್ಚರ ಹೆಚ್ಚೇ ಬೇಕು.

ವ್ಯಾಯಾಮ ಇಷ್ಟು ಅಗ್ಗದ ಚಿಕಿತ್ಸೆಯಾಗಿದ್ದರೆ ಅದೇಕೆ ಎಲ್ಲರನ್ನೂ ತಲುಪಿಲ್ಲ? ಬಹುತೇಕ ಆರೋಗ್ಯ ವಿಮೆಗಳು ಹಣ ನೀಡುವುದು ರೋಗಿ ಆಸ್ಪತ್ರೆಗೆ ದಾಖಲಾದಾಗ ಮಾತ್ರ. ಲಕ್ಷಾಂತರ ರೂಪಾಯಿಯ ಶಸ್ತ್ರಚಿಕಿತ್ಸೆಗೆ ವಿಮೆ ಒದಗುತ್ತದೆ. ಅದನ್ನು ತಪ್ಪಿಸಬಹುದಾದ ಫಿಸಿಯೊಥೆರಪಿಗೆ ರೋಗಿ ತನ್ನ ಜೇಬಿಗೇ ಕೈ ಹಾಕಬೇಕು. ಜತೆಗೆ, ಕಸರತ್ತಿನ ಕ್ರಮ ಹೇಳಿಕೊಡಲು ವೈದ್ಯರಿಗೆ ಸಮಯ ಬೇಕು. ತುಂಬಿ ತುಳುಕುವ ಹೊರರೋಗಿ ವಿಭಾಗದಲ್ಲಿ ಅತಿ ವಿರಳವಾದ ವಸ್ತುವೇ ಅದು.

ಇನ್ನು ದುಡಿಮೆಯ ಪ್ರಶ್ನೆ. ಮೊಬೈಲ್ ನೋಡಲು ಬಾಗಿದರೆ ಕತ್ತಿನ ಮೇಲೆ 27 ಕಿಲೋ ಭಾರ ಬೀಳುತ್ತದೆಂದು 2014ರಲ್ಲಿ ನ್ಯೂಯಾರ್ಕಿನ ಶಸ್ತ್ರವೈದ್ಯರೊಬ್ಬರು ಲೆಕ್ಕ ಹಾಕಿದ್ದರು. ಅದು ಗಣಕದ ಮಾದರಿಯ ಲೆಕ್ಕವೇ ಹೊರತು ರೋಗಿಗಳ ಅಧ್ಯಯನವಲ್ಲ. ಬಾಗುವುದಕ್ಕಿಂತ ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಉಳಿಯುವುದೇ ಹೆಚ್ಚು ತ್ರಾಸದಾಯಕ. ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಿ ಎಂದು ಸಲಹೆ ಕೊಡುವುದು ಸುಲಭ. ಸಾಫ್ಟ್‌ವೇರ್ ಕಂಪನಿಯ ಉದ್ಯೋಗಿ ಕಾಫಿಯ ನೆಪದಲ್ಲಾದರೂ ಅದನ್ನು ಪಾಲಿಸಿಯಾನು. ಗಂಟೆಗೆ ಇಷ್ಟು ಅಂಗಿ ಎಂಬ ಗುರಿ ಹೊತ್ತು ಹೊಲಿಗೆ ಯಂತ್ರದ ಮುಂದೆ ಬಗ್ಗಿ ಕುಳಿತ ಗಾರ್ಮೆಂಟ್ಸ್ ಕಾರ್ಮಿಕ ಮಹಿಳೆ ಯಾರನ್ನು ಕೇಳಿ ಏಳಬೇಕು? ಆಕೆಗೆ ಬೇಕಾದ ಚಿಕಿತ್ಸೆಯಲ್ಲಿ ಒಂದು ಪಾಲು ವೈದ್ಯರ ಚೀಟಿಯಲ್ಲಿದೆ, ಇನ್ನೊಂದು ಪಾಲು ಮಾಲೀಕರ ಕೈಯಲ್ಲಿದೆ. ವಿಮೆ ಮತ್ತು ವಿರಾಮದ ನಿಯಮ ಬದಲಿಸದೆ ವ್ಯಾಯಾಮದ ಉಪದೇಶವನ್ನಷ್ಟೇ ಮಾಡಿದರೆ ಅದು ಪುರುಸೊತ್ತು ಇದ್ದವರ ಆರೋಗ್ಯವನ್ನು ಮಾತ್ರ ಕಾಪಾಡೀತು.