ಕಾಲಿನ ರಕ್ತನಾಳದ ಚಿಕಿತ್ಸೆಗೆ ಮುನ್ನ ಯಾವ ಸ್ಕ್ಯಾನ್?

ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ನೋವು ಇಳಿಯುತ್ತದೆ. ಅನೇಕ ಹಿರಿಯರು ಇದನ್ನು ವಯಸ್ಸಿನ ನೋವೆಂದು ಸುಮ್ಮನಿರುತ್ತಾರೆ. ಆದರೆ ಕಾಲಿಗೆ ರಕ್ತ ಒಯ್ಯುವ ಅಪಧಮನಿಯೊಳಗೆ ಕೊಬ್ಬು ಕಟ್ಟಿ ದಾರಿ ಕಿರಿದಾದಾಗಲೂ ಹೀಗೆಯೇ ಆಗುತ್ತದೆ. ತಂಬಾಕು ಬಳಸುವವರು, ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಇರುವವರಲ್ಲಿ ಇದು ಹೆಚ್ಚು.

ಮೊದಲು ಸರಳ ಪರೀಕ್ಷೆ

ವೈದ್ಯರು ಪಾದದ ನಾಡಿ ಮುಟ್ಟಿ ನೋಡಿ, ಕಣಕಾಲಿನ ರಕ್ತದೊತ್ತಡವನ್ನು ತೋಳಿನ ರಕ್ತದೊತ್ತಡದೊಂದಿಗೆ ಹೋಲಿಸುತ್ತಾರೆ. ಈ ಅನುಪಾತ 0.9 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಕಾಯಿಲೆ ಇದೆ ಎಂದರ್ಥ. ಸಕ್ಕರೆ ಕಾಯಿಲೆಯವರಲ್ಲಿ ರಕ್ತನಾಳ ಗಡುಸಾಗಿ ಅಂಕಿ ಸುಳ್ಳಾಗಿ ಹೆಚ್ಚು ಬರಬಹುದು. ಆಗ ಕಾಲ್ಬೆರಳಿನ ಒತ್ತಡ ಅಳೆಯುತ್ತಾರೆ.

ನಡಿಗೆಯ ವ್ಯಾಯಾಮ ಮತ್ತು ಔಷಧಿಯಲ್ಲೇ ಸುಧಾರಿಸುವವರಿಗೆ ಸಾಮಾನ್ಯವಾಗಿ ದೊಡ್ಡ ಸ್ಕ್ಯಾನ್ ಬೇಕಿಲ್ಲ. ಬಲೂನ್, ಸ್ಟೆಂಟ್ ಅಥವಾ ಬೈಪಾಸ್ ಮಾಡುವ ಯೋಚನೆ ಇದ್ದಾಗ ಮಾತ್ರ ರಕ್ತನಾಳದ ನಕ್ಷೆ ಬೇಕಾಗುತ್ತದೆ.

ನಾಲ್ಕು ಬಗೆ

ಡಾಪ್ಲರ್ ಸ್ಕ್ಯಾನ್: ಸೂಜಿಯಿಲ್ಲ, ವಿಕಿರಣವಿಲ್ಲ, ಖರ್ಚೂ ಕಡಿಮೆ. ತೊಡೆಯ ರಕ್ತನಾಳಗಳನ್ನು ಚೆನ್ನಾಗಿ ತೋರಿಸುತ್ತದೆ. ಹೊಟ್ಟೆಯೊಳಗಿನ ಭಾಗ ಗ್ಯಾಸ್‌ನಿಂದ ಮಸುಕಾಗಬಹುದು. ಫಲಿತಾಂಶ ಮಾಡುವವರ ಅನುಭವವನ್ನು ಅವಲಂಬಿಸಿದೆ.

ಸಿ.ಟಿ. ಆಂಜಿಯೋಗ್ರಾಮ್: ಹೊಟ್ಟೆಯಿಂದ ಪಾದದವರೆಗಿನ ಚಿತ್ರ ಬೇಗ ಸಿಗುತ್ತದೆ. ಇದಕ್ಕೆ ಅಯೋಡಿನ್ ಇರುವ ಡೈ ಮತ್ತು ವಿಕಿರಣ ಬೇಕು. ಸುಣ್ಣಾಂಶ ಕಟ್ಟಿದ ಸಣ್ಣ ರಕ್ತನಾಳಗಳಲ್ಲಿ ತಡೆ ಎಷ್ಟಿದೆ ಎಂದು ಹೇಳುವುದು ಕಷ್ಟ.

ಎಂ.ಆರ್. ಆಂಜಿಯೋಗ್ರಾಮ್: ವಿಕಿರಣವಿಲ್ಲ, ಸುಣ್ಣಾಂಶದ ತೊಡಕೂ ಕಡಿಮೆ. ಪೇಸ್‌ಮೇಕರ್ ಇದ್ದರೆ ಮೊದಲೇ ತಿಳಿಸಬೇಕು. ಹಳೆಯ ಸ್ಟೆಂಟ್ ಇರುವಲ್ಲಿ ಚಿತ್ರ ಕೆಡಬಹುದು. ಕಿಡ್ನಿ ತೀರಾ ಕುಗ್ಗಿದವರಿಗೆ ಗ್ಯಾಡೋಲಿನಿಯಂ ಡೈ ಕೊಡುವಾಗ ಎಚ್ಚರ ಬೇಕು.

ಕ್ಯಾಥೆಟರ್ ಆಂಜಿಯೋಗ್ರಾಮ್: ನಳಿಕೆಯನ್ನು ನೇರವಾಗಿ ರಕ್ತನಾಳಕ್ಕೆ ಹಾಕುತ್ತಾರೆ. ಚಿತ್ರ ಅತ್ಯಂತ ಸ್ಪಷ್ಟ. ಅದೇ ಹೊತ್ತಿನಲ್ಲಿ ಬಲೂನ್ ಚಿಕಿತ್ಸೆಯನ್ನೂ ಮಾಡಬಹುದು. ಚುಚ್ಚಿದ ಜಾಗದಲ್ಲಿ ರಕ್ತಸ್ರಾವದ ಅಪಾಯವಿರುವುದರಿಂದ ಬರೀ ತಪಾಸಣೆಗಾಗಿ ಈಗ ವಿರಳ.

ಬ್ರಿಟನ್ನಿನ ನೈಸ್ ಸಂಸ್ಥೆ 2012ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಮೊದಲು ಡಾಪ್ಲರ್, ಇನ್ನೂ ವಿವರ ಬೇಕಾದರೆ ಎಂ.ಆರ್., ಅದು ಆಗದವರಿಗೆ ಸಿ.ಟಿ. ಎಂಬ ಕ್ರಮವಿದೆ. ಊರಿನಲ್ಲಿರುವ ಸೌಲಭ್ಯ ಮತ್ತು ತಡೆ ಇರುವ ಜಾಗವನ್ನು ನೋಡಿ ವೈದ್ಯರು ಇದನ್ನು ಬದಲಿಸಬಹುದು.

ಸ್ಕ್ಯಾನ್‌ಗೆ ಮುನ್ನ

ಡೈ ಕೊಡುವ ಮೊದಲು ಕ್ರಿಯಾಟಿನಿನ್ ಪರೀಕ್ಷೆಯ ವರದಿ ಕೈಯಲ್ಲಿರಲಿ. ಹಿಂದಿನ ಅಲರ್ಜಿ ಮತ್ತು ಮೆಟ್ಫಾರ್ಮಿನ್ ಮಾತ್ರೆಯ ವಿಷಯವನ್ನು ಹೇಳಬೇಕು. ದೇಹದಲ್ಲಿ ನೀರು ಕಡಿಮೆಯಾಗಿದ್ದರೆ ಡೈನಿಂದ ಕಿಡ್ನಿಗೆ ತೊಂದರೆಯಾಗುವ ಸಂಭವ ಹೆಚ್ಚು. ಆದ್ದರಿಂದ ದಶಲಕ್ಷಣ ಪರ್ವದಂಥ ದಿನಗಳಲ್ಲಿ ನೀರನ್ನೂ ಬಿಟ್ಟು ಉಪವಾಸ ಮಾಡುವ ಹಿರಿಯರು ಅದನ್ನು ಮೊದಲೇ ವೈದ್ಯರಿಗೆ ತಿಳಿಸಿ ದಿನ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. "ಈ ಸ್ಕ್ಯಾನ್‌ನಿಂದ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ?" ಎಂದು ಮನೆಯವರು ಸಂಕೋಚವಿಲ್ಲದೆ ಕೇಳಬಹುದು.

ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿಕೊಂಡು, ವಿಪರೀತ ನೋಯತೊಡಗಿದರೆ ದಿನ ನೋಡುತ್ತ ಕೂರುವಂತಿಲ್ಲ. ಕೆಲವೇ ಗಂಟೆಗಳ ವಿಳಂಬದಿಂದ ಕಾಲನ್ನೇ ಕಳೆದುಕೊಳ್ಳಬೇಕಾಗಬಹುದು. ತಕ್ಷಣ ರಕ್ತನಾಳದ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಕರೆದೊಯ್ಯಬೇಕು.