ಮೂರಡಿ ಸಾಕಾ, ನಾಲ್ಕಡಿ ಬೇಕಾ: ಒಂದು ದೋಣಿಯ ಲೆಕ್ಕ

ವೈಟ್‌ಫೀಲ್ಡ್, ಬೆಳ್ಳಂದೂರು ಕಡೆಯವರಿಗೆ ದೋಣಿ ಅಂದ್ರೆ ನೆನಪಾಗೋದು 2022ರ ಸೆಪ್ಟೆಂಬರ್. ಯಮಲೂರಿನಲ್ಲಿ ಜನ ಟ್ರ್ಯಾಕ್ಟರ್ ಮೇಲೆ, ರಬ್ಬರ್ ಬೋಟಿನಲ್ಲಿ ಮನೆಯಿಂದ ಹೊರಗೆ ಬಂದಿದ್ದನ್ನ ಎಲ್ಲರೂ ನೋಡಿದ್ದೀವಿ. ಅದು ಬಿಟ್ಟರೆ ನಮಗೂ ದೋಣಿಗೂ ಅಷ್ಟಕ್ಕಷ್ಟೇ. ಆದರೆ ಕಳೆದ ಸೆಮ್‌ನಲ್ಲಿ ಸಹಪಾಠಿಯೊಬ್ಬ, "ಅಪ್ಪ ಅಲ್ಯೂಮಿನಿಯಂ ದೋಣಿ ಮಾಡಿಸ್ತಿದ್ದಾರೆ, ಡ್ರಾಯಿಂಗ್ ಒಂಚೂರು ನೋಡ್ರೋ" ಅಂತ ಗ್ರೂಪಿಗೆ ಫೋಟೋ ಹಾಕಿದ.

ಅವರಪ್ಪ ಹೊಸಕೋಟೆ ಕಡೆ ಒಂದು ಕೆರೆಯ ಮೀನು ಗುತ್ತಿಗೆ ಹಿಡಿದಿದ್ದಾರೆ. ಬಲೆ ಬಿಡೋದಕ್ಕೆ ತೆಪ್ಪ ಇದೆ. ಈಗ ಅವರಿಗೆ ಭಾನುವಾರ ಮನೆಯವರನ್ನೆಲ್ಲ ಕೂರಿಸಿಕೊಂಡು ಗಾಳ ಹಾಕುವ ಆಸೆ. ಯೂಟ್ಯೂಬ್‌ನಲ್ಲಿ ನೋಡಿದ ಹಾಗೆ ಮಕ್ಕಳನ್ನ ಟ್ಯೂಬ್ ಮೇಲೆ ಕೂರಿಸಿ ದೋಣಿಯ ಹಿಂದೆ ಎಳೆಯೋದು ಇನ್ನೊಂದು ಆಸೆ. ಪೀಣ್ಯದ ಒಂದು ಶೆಡ್‌ನಲ್ಲಿ ಕೊಟೇಶನ್ ಕೊಟ್ಟಿದ್ದರು: ಚಪ್ಪಟೆ ತಳ, ಉದ್ದ 12 ಅಡಿ, ಅಗಲ 3 ಅಡಿ, ಗೋಡೆ 20 ಇಂಚು. "ಅಗಲ ಕಮ್ಮಿ ಇದ್ರೆ ನೀರು ಸೀಳ್ಕೊಂಡು ಹೋಗುತ್ತೆ, ತಗಡೂ ಉಳಿಯುತ್ತೆ" ಅಂತ ವಿವರಣೆ. ಅದು ಸುಳ್ಳೇನಲ್ಲ. ಮರುದಿನ ಅಡ್ವಾನ್ಸ್ ಕೊಡೋದಿತ್ತು.

ನಾವು ಮೊದಲು ತೇಲುತ್ತಾ ಅಂತ ನೋಡಿದೆವು. ದೋಣಿ 90 ಕೆಜಿ, ನಾಲ್ಕು ಜನ 240, 10 ಎಚ್‌ಪಿ ಎಂಜಿನ್ 40, ಪೆಟ್ರೋಲು-ಬಲೆ-ಬುತ್ತಿ 30. ಒಟ್ಟು 400 ಕೆಜಿ. ಮುಂಭಾಗ ಚೂಪಾಗಿರೋದರಿಂದ ನೀರಿನ ಮೇಲಿನ ಉದ್ದ 3.3 ಮೀಟರ್ ಹಿಡಿದರೆ, 0.9 ಮೀಟರ್ ಅಗಲದ ದೋಣಿ ಹದಿಮೂರೂವರೆ ಸೆಂ.ಮೀ. ಮುಳುಗುತ್ತೆ. ಇನ್ನೂ 37 ಸೆಂ.ಮೀ. ಗೋಡೆ ನೀರಿನ ಮೇಲಿರುತ್ತೆ. ಪಾಸ್! ಆರ್ಕಿಮಿಡೀಸ್‌ಗೆ ಕೈಮುಗಿದು ನಾವು ಇಲ್ಲೇ ನಿಲ್ಲಿಸಿಬಿಡ್ತಿದ್ದೆವು. ಆದರೆ ಇಂಥ ದೋಣಿ ಭಾರಕ್ಕೆ ಮುಳುಗೋದಕ್ಕಿಂತ ವಾಲಿ ಮಗುಚೋ ಭಯವೇ ಜಾಸ್ತಿ. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಪರೀಕ್ಷೆಗೆ ಅಂತ ಬಾಯಿಪಾಠ ಮಾಡಿದ ಮೆಟಾಸೆಂಟ್ರಿಕ್ ಎತ್ತರ ನೆನಪಿದೆಯಾ? ಅದು ಧನ ಇದ್ದರೆ ವಾಲಿದ ದೋಣಿ ಮತ್ತೆ ನೇರ ಆಗುತ್ತೆ, ಋಣ ಆದರೆ ವಾಲಿದ ಕಡೆಗೇ ಹೋಗುತ್ತೆ.

ತೇಲುಬಲದ ಕೇಂದ್ರದಿಂದ ಮೆಟಾಸೆಂಟರ್‌ಗೆ ಇರುವ ದೂರ, I ಭಾಗಿಸು V. ಇಲ್ಲಿ I ಅಂದ್ರೆ ಉದ್ದ ಗುಣಿಸು ಅಗಲದ ಘನ, ಭಾಗಿಸು 12. ಕಥೆಯೆಲ್ಲ ಆ ಘನದಲ್ಲೇ ಇದೆ. ಮೂರಡಿ ದೋಣಿಗೆ ಈ ದೂರ 50 ಸೆಂ.ಮೀ. ಬರುತ್ತೆ. ತೇಲುಬಲದ ಕೇಂದ್ರ ತಳದಿಂದ ಸುಮಾರು 7 ಸೆಂ.ಮೀ. ಮೇಲಿದೆ, ಅಂದ್ರೆ ಮೆಟಾಸೆಂಟರ್ 57ರಲ್ಲಿ. ಎಲ್ಲರೂ ಸೀಟಿನ ಮೇಲೆ ಕೂತಾಗ ಗುರುತ್ವ ಕೇಂದ್ರ 43ರ ಆಸುಪಾಸು. ಉಳಿದಿದ್ದು ಬರೀ 14 ಸೆಂ.ಮೀ. ಈಗ ಗಾಳಕ್ಕೆ ಒಂದು ದಪ್ಪ ಕಟ್ಲಾ ಬಿತ್ತು ಅಂದ್ಕೊಳ್ಳಿ. ಯಾರು ಕೂತಿರ್ತಾರೆ? ಇಬ್ಬರು ಎದ್ದು ನಿಂತರೆ ಸಾಕು, ಗುರುತ್ವ ಕೇಂದ್ರ 57ಕ್ಕೆ ಏರುತ್ತೆ. ಮೆಟಾಸೆಂಟ್ರಿಕ್ ಎತ್ತರ ಸೊನ್ನೆ! ನಾಲ್ವರೂ ನಿಂತರೆ ಮೈನಸ್ 14.

ಅದೇ ದೋಣಿಯ ಅಗಲ 4 ಅಡಿ ಮಾಡಿ. ಅಗಲ ಹೆಚ್ಚಿದ್ದು ಮೂರನೇ ಒಂದು ಭಾಗ, ಆದರೆ I ಎರಡು ಪಟ್ಟು ದಾಟಿ 2.37 ಪಟ್ಟು ಆಗುತ್ತೆ. ಕೂತಾಗ ಮೆಟಾಸೆಂಟ್ರಿಕ್ ಎತ್ತರ 81 ಸೆಂ.ಮೀ., ನಾಲ್ವರೂ ಎದ್ದು ನಿಂತರೂ 53. (ಅಗಲದ ಜೊತೆ ದೋಣಿಯ ತೂಕವೂ ಸ್ವಲ್ಪ ಏರುತ್ತೆ. ಅದನ್ನ ಬಿಟ್ಟಿದ್ದೀವಿ, ಸಿವಿಲ್‌ನವರು ಕ್ಷಮಿಸಬೇಕು.) ಮಾರುಕಟ್ಟೆಯ 4 ಅಡಿ ಅಗಲದ ಶೀಟು ತಳಕ್ಕೆ ಕತ್ತರಿಸದೆ ಕೂರುತ್ತೆ ಅನ್ನೋದು ಬೋನಸ್.

ಈ ಲೆಕ್ಕ ನಮ್ಮ ಹಿಂದಿನವರಿಗೆ ಕೈಯಲ್ಲೇ ಇತ್ತು. ಹಂಪಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ 16ನೇ ಶತಮಾನದಲ್ಲೇ ಬುಟ್ಟಿಯಂಥ, ಚರ್ಮ ಹೊದಿಸಿದ ದುಂಡು ದೋಣಿಗಳ ಬಗ್ಗೆ ಬರೆದಿದ್ದಾನೆ. ನಮ್ಮ ಹರಿಗೋಲೇ ಅದು. ಎಲ್ಲ ಕಡೆಯೂ ಅಗಲ, ಜನ ಕೂರೋದು ತಳದಲ್ಲೇ, ಗುರುತ್ವ ಕೇಂದ್ರ ಕೆಳಗೆ. ನೆಟ್ಟಗೆ ಹೋಗಲ್ಲ ಅನ್ನೋದೊಂದೇ ಅದರ ಕಷ್ಟ.

ಲೋಹದ ವಿಷಯ ಬೇಗ ಮುಗಿಸ್ತೀವಿ. ಕಿಟಕಿ-ಬಾಗಿಲಿನ 6063 ಬೇಡ, 5052 ಅಥವಾ 5083 ಶೀಟು ಅಂತ ಬಿಲ್ಲಿನಲ್ಲೇ ಬರೆಸಿಕೊಳ್ಳಿ. 6000 ಸರಣಿಯ ಬಲ ಶಾಖೋಪಚಾರದಿಂದ ಬಂದಿದ್ದು, ವೆಲ್ಡಿಂಗ್ ಮಾಡಿದ ಜಾಗದಲ್ಲಿ ಅದು ಇಳಿದುಹೋಗುತ್ತೆ. ಅಲ್ಯೂಮಿನಿಯಂ ಉಕ್ಕಿನ ಮೂರನೇ ಒಂದು ಭಾಗ ತೂಕ, ನಿಜ. ಯಂಗ್ಸ್ ಮಾಡ್ಯುಲಸ್ ಕೂಡ ಹೆಚ್ಚುಕಮ್ಮಿ ಮೂರನೇ ಒಂದು ಭಾಗವೇ. ಅದಕ್ಕೇ ತಳಕ್ಕೆ ಅಡ್ಡಪಟ್ಟಿ ಇಲ್ಲದಿದ್ದರೆ ಡಬಡಬ ಅಂತ ಬಡ್ಕೊಳ್ಳುತ್ತೆ. ದೋಣಿ ತೊಳೆಯೋಕೆ ವಾಷಿಂಗ್ ಸೋಡಾ ಬಳಸಬೇಡಿ, ಅದರ ಕ್ಷಾರ ಮೇಲಿನ ಆಕ್ಸೈಡ್ ಪದರವನ್ನೇ ತಿನ್ನುತ್ತೆ.

ಕೊಟೇಶನ್‌ನಲ್ಲಿ ಒಂದು ಸಾಲು ಇರಲೇ ಇಲ್ಲ: ಫೋಮ್. ಮರದ ದೋಣಿಗೆ ನೀರು ತುಂಬಿದರೂ ಮರ ತೇಲುತ್ತೆ, ಅಲ್ಯೂಮಿನಿಯಂ ಸೀದಾ ತಳಕ್ಕೆ ಹೋಗುತ್ತೆ. 90 ಕೆಜಿ ತಗಡು ತಾನೇ ಸರಿಸುವ ನೀರು 33 ಲೀಟರ್ ಮಾತ್ರ. ಬಾಕಿ 57 ಕೆಜಿ, ಮೇಲೆ ಎಂಜಿನ್ನು, ಮೇಲೆ ಹಿಡಿದುಕೊಂಡು ತೇಲುವ ಜನ. ನಾವು 120 ಲೀಟರ್ ಕ್ಲೋಸ್ಡ್-ಸೆಲ್ ಫೋಮ್ ಬರೆಸಿದೆವು. ಅದೂ ತಳದಲ್ಲಲ್ಲ, ಎರಡೂ ಬದಿಯಲ್ಲಿ ಆದಷ್ಟು ಮೇಲೆ. ತಳದಲ್ಲಿಟ್ಟರೆ ನೀರು ತುಂಬಿದ ದೋಣಿ ಬೋರಲಾಗುತ್ತೆ. ಥರ್ಮಾಕೋಲ್ ಸಾಕು ಅಂದರು ಶೆಡ್ಡಿನವರು. ಥರ್ಮಾಕೋಲ್ ಮೇಲೆ ನಾಲ್ಕು ಹನಿ ಪೆಟ್ರೋಲ್ ಬಿಟ್ಟು ನೋಡಿ, ಕರಗಿ ಗೋಂದಾಗುತ್ತೆ. ಲೈಫ್ ಜಾಕೆಟ್ ಮಾತ್ರ ಫೋಮ್ ಇದ್ದರೂ ಬೇಕೇ ಬೇಕು, ಮಕ್ಕಳಿಗೆ ಮಕ್ಕಳ ಅಳತೆಯದ್ದೇ.

ಟ್ಯೂಬ್ ವಿಷಯಕ್ಕೆ ಅಪ್ಪನ ಹತ್ತಿರ ಬೈಸಿಕೊಂಡೆವು. ಟ್ಯೂಬ್ ಎಳೆಯಬೇಕಾದರೆ ದೋಣಿ ವೇಗ ಹಿಡಿದು ನೀರಿನ ಮೇಲೆ ಏರಿ ಓಡಬೇಕು. ನಾಲ್ಕು ಜನರನ್ನ ಹೊತ್ತು 10 ಎಚ್‌ಪಿಗೆ ಅದು ಆಗಲ್ಲ. 40 ಎಚ್‌ಪಿ ಎಂಜಿನ್ ಹಾಕಿದರೆ ಅದರ ತೂಕವೇ ದೋಣಿಯಷ್ಟಾಗುತ್ತೆ, ಹಿಂಭಾಗ ಕುಸಿಯುತ್ತೆ. ತಿರುಗುವಾಗ ಟ್ಯೂಬ್ ಹೊರಕ್ಕೆ ಬೀಸಿ ಹಗ್ಗ ದೋಣಿಯನ್ನ ಅಡ್ಡಕ್ಕೆ ಎಳೆಯೋದು ಬೇರೆ. ನಮ್ಮ ಕೆರೆಗಳೋ ಹೂಳು ತುಂಬಿ ಆಳ ಕಮ್ಮಿ. ನೀರೊಳಗೆ ಜಾಲಿ ಬೊಡ್ಡೆ, ಗಣೇಶನ ಕಬ್ಬಿಣದ ಕಂಬಿ, ಪ್ರೊಪೆಲರ್‌ಗೆ ಸುತ್ತುವ ಬಲೆ, ಎಂಜಿನ್‌ನ ತಂಪುನೀರಿನ ಬಾಯಿ ಕಟ್ಟುವ ಜೊಂಡು. ಇನ್ನು ಮೀನಿನ ಗುತ್ತಿಗೆ ಬೇರೆ, ಮೋಟಾರು ದೋಣಿಯ ಕಾಗದಪತ್ರ ಬೇರೆ. 2021ರ ಒಳನಾಡು ನೌಕಾ ಕಾಯ್ದೆಯಲ್ಲಿ ಯಾಂತ್ರಿಕ ದೋಣಿಗೆ ತಪಾಸಣೆ, ನೋಂದಣಿ ಎರಡೂ ಇವೆ. ಮೀನಿಗೆ ಒಳ್ಳೆಯದಾದ ದೋಣಿ ಟ್ಯೂಬಿಗೆ ಆಗಲ್ಲ ಅಂತ ಕೊನೆಗೆ ಒಪ್ಪಿದರು. ಅಂಥ ಆಟಕ್ಕೆ ಮಲ್ಪೆಗೆ ಹೋದರಾಯ್ತು.

ದೋಣಿ ಬಂದ ದಿನ ನಾವು ಐದು ಜನ ಹೋಗಿ ಲ್ಯಾಬಿನ ಪ್ರಯೋಗವನ್ನೇ ದಡದ ಪಕ್ಕದಲ್ಲಿ ಮಾಡಿದೆವು. ಸೀಟಿನ ಮೇಲೆ ಜನರ ಬದಲು ಮರಳಿನ ಚೀಲ, ನಡುವೆ ಬಿದಿರು ನೆಟ್ಟು ಒಂದು ಮೀಟರ್ ದಾರಕ್ಕೆ ತೂಕದ ಗುಂಡು. 30 ಕೆಜಿ ಚೀಲವನ್ನ ಅಡ್ಡಕ್ಕೆ 80 ಸೆಂ.ಮೀ. ಸರಿಸಿದಾಗ ಗುಂಡು 8 ಸೆಂ.ಮೀ. ಜರುಗಿತು. 24 ಭಾಗಿಸು, 400 ಗುಣಿಸು 0.08: ಮೆಟಾಸೆಂಟ್ರಿಕ್ ಎತ್ತರ 75 ಸೆಂ.ಮೀ. ನಮ್ಮ ಕಾಗದದ 81ಕ್ಕೆ ಹತ್ತಿರವೇ. ಅಷ್ಟರಲ್ಲಿ ಅವನ ತಂಗಿ ಹಳೇ ಲಾರಿ ಟ್ಯೂಬೊಂದನ್ನ ದಡದ ಬೇವಿನ ಮರಕ್ಕೆ ಹಗ್ಗ ಕಟ್ಟಿ, ಜಾಕೆಟ್ ಹಾಕ್ಕೊಂಡು, ಸೊಂಟದ ಮಟ್ಟದ ನೀರಿಗೆ ಇಳಿದಿದ್ದಳು.